ಮುದಗಲ್ಲಿನ ಹಳೆಯ ಚರ್ಚು



ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ನೆಲಕ್ಕೆ ಮೂರು ಹೆಸರುಗಳಿವೆ. ಹಳೆಯ ಕನ್ನಡ ಶಾಸನಗಳಲ್ಲಿ ಅದು ಎಡೆದೊರೆ ನಾಡು. ಗದ್ವಾಲ, ಆಲಂಪುರದ ರೈತರ ತೆಲುಗಿನಲ್ಲಿ ಅದು ನಡಿಗಡ್ಡ. ಬಿಜಾಪುರದ ದರಬಾರಿನಲ್ಲಿ ಕುಳಿತು ಪಾರಸಿ ಬರೆದವರಿಗೆ ಅದು ದೋಆಬ್. ಮೂರು ಭಾಷೆಯ ಮೂರು ಹೆಸರುಗಳಿಗೂ ಅರ್ಥ ಒಂದೇ, ಎರಡು ಹೊಳೆಗಳ ನಡುವಿನ ನೆಲ. ಉಟ್ಕೂರು, ಮಕ್ತಲ್, ನಾರಾಯಣಪೇಟೆಯ ನಾವು ಕೃಷ್ಣೆಯ ಈ ದಡದವರು. ಆದರೆ ನಮ್ಮ ಬೀಗತನ, ನಮ್ಮ ಸಂತೆ, ನಮ್ಮ ಜಾತ್ರೆ ಇವೆಲ್ಲ ಆ ದಡವನ್ನೂ ಮುಟ್ಟುತ್ತವೆ. ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಸೇತುವೆ ದಾಟಿದರೆ ರಾಯಚೂರು ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಆ ನಡುನೆಲದ ಪಡುವಣ ಭಾಗದಲ್ಲಿ, ಲಿಂಗಸುಗೂರಿನಿಂದ ಹತ್ತು ಮೈಲಿ ದೂರದಲ್ಲಿ, ಮುದಗಲ್ಲು ಎಂಬ ಸಣ್ಣ ಊರಿದೆ. ಮುದಗಲ್ಲು ಎಂದೊಡನೆ ನಮ್ಮ ಜನಕ್ಕೆ ಎರಡು ನೆನಪಾಗುತ್ತವೆ. ಒಂದು ಅಲ್ಲಿಯ ಕೋಟೆ, ಇನ್ನೊಂದು ಅಲ್ಲಿಯ ಮೊಹರಂ. ಮೂರನೆಯದು ಒಂದುಂಟು. ಅದನ್ನು ನೆನೆಯುವವರು ಕಡಿಮೆ. ಅದು ಅಲ್ಲಿಯ ರೋಮನ್ ಕ್ಯಾಥೊಲಿಕ್ ಚರ್ಚು. ಇಂದಿನ ನನ್ನ ಮಾತು ಆ ಚರ್ಚಿನ ಬಗ್ಗೆ.

ಬೇರೆ ರಾಜ್ಯದ ಒಂದು ಚರ್ಚಿನ ಕಥೆ ನಮಗೇಕೆ ಎಂದು ತಾವು ಕೇಳಬಹುದು. ಅದಕ್ಕೆ ಉತ್ತರ ಹಳೆಯ ಭೂಪಟದಲ್ಲಿದೆ. 1956ರ ನವೆಂಬರ್ 1ರ ತನಕ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೇ ಸೇರಿದ್ದವು. ಗದ್ವಾಲದವನೂ ಮುದಗಲ್ಲಿನವನೂ ಒಂದೇ ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು. ಭಾಷಾವಾರು ಪ್ರಾಂತ ರಚನೆಯಾದ ದಿನ ಗದ್ವಾಲ, ಆಲಂಪುರಗಳು ಮಹಬೂಬನಗರ ಜಿಲ್ಲೆಗೆ ಬಂದವು. ಮುದಗಲ್ಲು ರಾಯಚೂರಿನೊಡನೆ ಮೈಸೂರು ರಾಜ್ಯಕ್ಕೆ ಹೋಯಿತು. ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಕೂಡ ಹೀಗೆಯೇ ಮಹಬೂಬನಗರಕ್ಕೆ ಬಂತು. ಒಂದು ರಾತ್ರಿ ಕಳೆದು ಬೆಳಗಾಗುವುದರಲ್ಲಿ ಹೊಲಗಳು ಇದ್ದಲ್ಲೇ ಇದ್ದವು, ಬಾವಿಗಳು ಇದ್ದಲ್ಲೇ ಇದ್ದವು, ನಡುವೆ ಗಡಿಯ ಗೆರೆ ಮಾತ್ರ ಬಂತು. ಆ ಗೆರೆಯ ಈಚೆ ಉಳಿದ ಕನ್ನಡಿಗರು ನಾವು. ಆದುದರಿಂದ ಗಡಿಯ ಮೇಲೆ ಹುಟ್ಟಿ, ಗಡಿಗಳು ಬದಲಾದಂತೆಲ್ಲ ಬಾಳಿದ ಒಂದು ದೇವಮಂದಿರದ ಚರಿತ್ರೆ ನಮಗೆ ಪರಕೀಯವಲ್ಲ.

ಮೊದಲು ಊರಿನ ಮಾತು ನೋಡೋಣ. ಎಡೆದೊರೆ ನಾಡಿನ ಮಣ್ಣು ಫಲವತ್ತಾದುದು. ಎರಡು ಹೊಳೆ, ಕಪ್ಪು ಎರೆ ಭೂಮಿ, ಮೇಲಾಗಿ ಬೆಟ್ಟದ ಕಲ್ಲು. ಇಂಥ ನೆಲವನ್ನು ಯಾವ ಅರಸನೂ ಸುಮ್ಮನೆ ಬಿಡಲಿಲ್ಲ. ದೇವಗಿರಿಯ ಯಾದವರ ಶಾಸನಗಳು ಮುದಗಲ್ಲಿನಲ್ಲಿ ಸಿಕ್ಕಿವೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ಅದಕ್ಕೆ ಹನ್ನೊಂದು ವರ್ಷ ಮುಂಚೆ ವಿಜಯನಗರ ಹುಟ್ಟಿತ್ತು. ಅಲ್ಲಿಂದ ಮುಂದೆ ಎರಡು ಶತಮಾನ ಈ ಎರಡು ರಾಜ್ಯಗಳಿಗೆ ರಾಯಚೂರು, ಮುದಗಲ್ಲುಗಳು ಹಗ್ಗದ ಎಳೆದಾಟದಂತಾದವು. ಕೋಟೆಯ ಹೊರಗೋಡೆಯನ್ನು ಸುತ್ತಿದ ಕಂದಕ ಕೆಲವು ಕಡೆ ಐವತ್ತು ಗಜ ಅಗಲವಿದೆ. ಸಣ್ಣ ಊರಿಗೆ ಅಷ್ಟು ದೊಡ್ಡ ಕಂದಕ ಏಕೆ ಬೇಕಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಿಜಾಪುರದ ಇತಿಹಾಸಕಾರ ಫೆರಿಷ್ತಾ ಬರೆದ ಒಂದು ಪ್ರಸಂಗವನ್ನು ನಮ್ಮ ಹಿರಿಯರೂ ಕಥೆಯಾಗಿ ಹೇಳುತ್ತಿದ್ದುದುಂಟು. 1406ರ ಸುಮಾರಿನ ಮಾತು. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳು ಬಹಳ ಚೆಲುವೆ, ಸಂಗೀತವನ್ನೂ ಕಲಿತವಳು. ಅವಳ ಸುದ್ದಿ ವಿಜಯನಗರದ ಒಂದನೆಯ ದೇವರಾಯನಿಗೆ ಮುಟ್ಟಿತು. ಹುಡುಗಿ ಒಪ್ಪಲಿಲ್ಲ. ಅರಸನ ದಂಡು ಹೊಳೆ ದಾಟಿ ಬಂತು. ಹುಡುಗಿಯ ಮನೆಯವರು ಮೊದಲೇ ಊರು ಬಿಟ್ಟಿದ್ದರು. ಕೋಪಗೊಂಡ ದಂಡು ಸುತ್ತಲ ಹಳ್ಳಿಗಳನ್ನು ಸೂರೆ ಮಾಡಿತು. ಬಹಮನಿ ಸುಲ್ತಾನ ಫಿರೋಜ್ ಷಾ ಅದಕ್ಕೆ ಪ್ರತಿಯಾಗಿ ಯುದ್ಧ ಹೂಡಿದ. ಕೊನೆಗೆ ಆ ಹುಡುಗಿ ಫಿರೋಜ್ ಷಾನ ಮಗನನ್ನು ಮದುವೆಯಾದಳೆಂದು ಫೆರಿಷ್ತಾ ಹೇಳುತ್ತಾನೆ. ಕಥೆಯಲ್ಲಿ ಬಣ್ಣ ಎಷ್ಟಿದೆಯೋ ಇರಲಿ. ದೊಡ್ಡವರ ಜಗಳಕ್ಕೆ ಗಡಿಯ ಸಣ್ಣ ಊರು ಹೇಗೆ ಬೆಲೆ ತೆತ್ತಿತೆಂಬುದು ಇದರಲ್ಲಿ ಎದ್ದು ಕಾಣುತ್ತದೆ.

ಇಂಥ ಊರಿನಲ್ಲಿ ಕ್ರೈಸ್ತರ ಚರ್ಚು ಎದ್ದದ್ದು ಯಾವಾಗ? ಯೇಸುಸಭೆಯ ಪಾದ್ರಿಗಳು 1557ಕ್ಕೆ ಮುಂಚೆಯೇ ಇದನ್ನು ಕಟ್ಟಿದರೆಂದು ಈ ಜಿಲ್ಲೆಯ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಮುದಗಲ್ಲಿನ ಕ್ಯಾಥೊಲಿಕರ ಪೂರ್ವಜರು ಗೋವೆಯಿಂದ ಬಂದ, ಸಂತ ಫ್ರಾನ್ಸಿಸ್ ಝೇವಿಯರರ ಕಾಲದ ಪಾದ್ರಿಗಳಿಂದ ದೀಕ್ಷೆ ಪಡೆದವರೆಂಬುದು ನಿಜಾಮರ ಕಾಲದಿಂದ ಗೆಜೆಟಿಯರುಗಳಲ್ಲಿ ಬಂದಿರುವ ಮಾತು.

ಈ ಕಾಲವನ್ನು ನಮ್ಮ ಕಡೆಯ ಚರ್ಚುಗಳೊಡನೆ ಹೋಲಿಸಿ ನೋಡಿ. ಮಹಬೂಬನಗರ, ಗದ್ವಾಲದ ಕಡೆ ಅಮೆರಿಕದ ಬ್ಯಾಪ್ಟಿಸ್ಟ್ ಮಿಶನರಿಗಳು ಕೆಲಸ ಆರಂಭಿಸಿದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. 1937ರಲ್ಲಿ ಅವರು ಅದನ್ನು ಮೆನ್ನೊನೈಟ್ ಬ್ರದರನ್ ಮಿಶನ್ನಿಗೆ ಒಪ್ಪಿಸಿಕೊಟ್ಟರು. ಕ್ರೈಸ್ತ ಧರ್ಮ ಎಂದರೆ ಇಂಗ್ಲಿಷರ ಆಳ್ವಿಕೆಯ ಹಿಂದೆ ಬಂದದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದು ಇಂಥ ಮಿಶನ್ನುಗಳನ್ನು ಕಂಡ ಕಾರಣದಿಂದ. ಮುದಗಲ್ಲಿನ ಚರ್ಚು ಅದಕ್ಕಿಂತ ಮುನ್ನೂರು ವರ್ಷಕ್ಕೂ ಹಿಂದಿನದು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿ ಹುಟ್ಟಿದ್ದೇ 1600ರಲ್ಲಿ. ರಕ್ಕಸತಂಗಡಿಯ ಯುದ್ಧ ನಡೆದದ್ದು 1565ರಲ್ಲಿ. ಹಂಪೆ ಇನ್ನೂ ವೈಭವದಲ್ಲಿದ್ದಾಗಲೇ ಮುದಗಲ್ಲಿನಲ್ಲಿ ಶಿಲುಬೆ ನಿಂತಿತ್ತು.

ಕಡಲ ಕರೆಯಿಂದ ಇಷ್ಟು ಒಳನಾಡಿಗೆ ಅದು ಬಂದುದು ಹೇಗೆ? ದಾರಿ ಗೋವೆಯದು. ಪೋರ್ಚುಗೀಸರು 1510ರಲ್ಲಿ ಬಿಜಾಪುರದವರಿಂದ ಗೋವೆಯನ್ನು ಕಿತ್ತುಕೊಂಡರು. ಅರಬ್ಬೀ ಕುದುರೆಗಳು ಗೋವೆಯ ಬಂದರಿನಲ್ಲಿ ಇಳಿದು ಘಟ್ಟ ಹತ್ತಿ ಬಿಜಾಪುರಕ್ಕೂ ವಿಜಯನಗರಕ್ಕೂ ಹೋಗುತ್ತಿದ್ದವು. ಎರಡು ರಾಜ್ಯಗಳಿಗೂ ಕುದುರೆ ಬೇಕು. ಆದುದರಿಂದ ಎರಡು ರಾಜ್ಯಗಳಿಗೂ ಗೋವೆಯ ಸ್ನೇಹ ಬೇಕು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾಂವ್ ದ ಫಿಗೇರೆದೊ ಎಂಬ ಪೋರ್ಚುಗೀಸನೊಬ್ಬ ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಅಲ್ಲಿಗೆ ಬಂದು ಅರಸನಿಗೆ ನೆರವಾದನೆಂದು ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಎಡೆದೊರೆ ನಾಡು ಅಂದು ಕಂಡ ಆ ಕ್ರೈಸ್ತರ ಕೈಯಲ್ಲಿ ಬಂದೂಕು ಇತ್ತು. ಮುಂದೆ ಬಂದವರ ಕೈಯಲ್ಲಿ ಜಪಮಾಲೆ ಇತ್ತು.

ಫ್ರಾನ್ಸಿಸ್ ಝೇವಿಯರ್ ಗೋವೆಗೆ ಬಂದದ್ದು 1542ರಲ್ಲಿ. ಹತ್ತು ವರ್ಷದಲ್ಲಿ ಅವರು ಚೀನದ ಬಾಗಿಲಲ್ಲಿ ತೀರಿಕೊಂಡರು. ಗೋವೆಯಲ್ಲಿ ಭಾರತದ ಮೊದಲ ಅಚ್ಚುಕೂಟ ನಡೆಯತೊಡಗಿದ್ದು 1556ರಲ್ಲಿ. ಗೋವೆಯ ಧರ್ಮಕ್ಷೇತ್ರ ಮಹಾಧರ್ಮಕ್ಷೇತ್ರವಾಗಿ ಮೇಲೇರಿದ್ದು 1557ರಲ್ಲಿ. ಹಾಗೆಂದರೆ ಮುದಗಲ್ಲಿನ ಚರ್ಚು ಗೋವೆಯ ದೊಡ್ಡ ಗದ್ದುಗೆಗೆ ಸಮವಯಸ್ಕ. ಬಿಜಾಪುರದ ಒಂದನೆಯ ಅಲಿ ಆದಿಲ್ ಷಾ ಅನ್ಯಧರ್ಮದ ಪಂಡಿತರೊಡನೆ ಚರ್ಚೆಯಲ್ಲಿ ಆಸಕ್ತಿಯುಳ್ಳವನು. ಆತ ಗೋವೆಯ ಆರ್ಚ್‌ಬಿಷಪ್ಪರಿಗೆ ಹೇಳಿಕಳಿಸಿ ಪಾದ್ರಿಗಳನ್ನು ಕರೆಸಿಕೊಂಡ. 1561ರಲ್ಲಿ ಗೊನ್ಸಾಲೊ ರೊಡ್ರಿಗಸ್ ಎಂಬ ಯೇಸುಸಭೆಯ ಪಾದ್ರಿ ಬಿಜಾಪುರದ ದರಬಾರಿಗೆ ಹೋದರು. ಒಂದು ಕಡೆ ಗೋವೆಗೂ ಬಿಜಾಪುರಕ್ಕೂ ಕದನ, ಇನ್ನೊಂದು ಕಡೆ ಮಾತುಕತೆ. ಇದು ಆ ಕಾಲದ ರೀತಿ.

ಈಗ ಒಂದು ಪ್ರಶ್ನೆ. ಚರ್ಚು ಏಳುವ ಹೊತ್ತಿನಲ್ಲಿ ಮುದಗಲ್ಲು ಯಾರದಾಗಿತ್ತು? 1520ರಲ್ಲಿ ಕೃಷ್ಣದೇವರಾಯ ಗೆದ್ದ. ಅವನು ತೀರಿಕೊಂಡ ಮೇಲೆ, 1530ರ ಸುಮಾರಿಗೆ, ಬಿಜಾಪುರದವರು ರಾಯಚೂರನ್ನೂ ಮುದಗಲ್ಲನ್ನೂ ಹಿಂದಕ್ಕೆ ಪಡೆದರು. ಮುಂದೆ ಅಳಿಯ ರಾಮರಾಯನ ಕೈ ಮೇಲಾಯಿತು. ರಕ್ಕಸತಂಗಡಿಯ ಯುದ್ಧಕ್ಕೆ ಮುನ್ನ ಅಲಿ ಆದಿಲ್ ಷಾ ದೂತನನ್ನು ಕಳಿಸಿ ರಾಯಚೂರು, ಮುದಗಲ್ಲುಗಳನ್ನು ಬಿಟ್ಟುಕೊಡಬೇಕೆಂದು ಕೇಳಿದ. 1565ರ ನಂತರ ಅವು ಮತ್ತೆ ಬಿಜಾಪುರಕ್ಕೆ ಸೇರಿದವು. ನಲವತ್ತೈದು ವರ್ಷಗಳಲ್ಲಿ ಊರು ಇಷ್ಟು ಸಲ ಕೈ ಬದಲಾಯಿಸಿತು. ಹಿಂದೂ ಅರಸನೂ ಮುಸಲ್ಮಾನ ಸುಲ್ತಾನನೂ ಒಬ್ಬರಾದ ಮೇಲೊಬ್ಬರು ಆಳುತ್ತಿದ್ದ ಕೋಟೆಯ ಮಗ್ಗುಲಲ್ಲಿ ಮೂರನೆಯ ಧರ್ಮದ ಒಂದು ಸಣ್ಣ ಗುಂಪು ಬೇರು ಬಿಟ್ಟಿತು. ಗೆದ್ದವರು ಅವರನ್ನು ಅಳಿಸಲಿಲ್ಲ. ಈ ಸಂಗತಿಯನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಗೋವೆಯ ದಾರಿಯಲ್ಲಿ ಬಂದುದು ಧರ್ಮ ಒಂದೇ ಅಲ್ಲ. ನಾವು ಜೋಳದ ರೊಟ್ಟಿಯ ಜೊತೆ ತಿನ್ನುವ ಕೆಂಪು ಖಾರದ ಚಟ್ನಿಯನ್ನೇ ನೋಡಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಅದು ಈ ದೇಶಕ್ಕೆ ಬಂತು. ಹೊಗೆಸೊಪ್ಪೂ ಹಾಗೆಯೇ. ನಾವು ಬಾಗಿಲಿಗೆ ಹಾಕುವ ಚಾವಿ, ಬಟ್ಟೆ ಇಡುವ ಅಲ್ಮಾರಿ, ಪಲ್ಯ ಮಾಡುವ ಬಟಾಟಿ ಇವೆಲ್ಲ ಪೋರ್ಚುಗೀಸ್ ಮೂಲದ ಮಾತುಗಳು. ಪಾದ್ರಿ ಎಂಬ ಮಾತು ಅವರದೇ, ತಂದೆ ಎಂದು ಅದರ ಅರ್ಥ. ಕರಾವಳಿಯ ಕನ್ನಡದಲ್ಲಿ ಚರ್ಚಿಗೆ ಇಗರ್ಜಿ ಎನ್ನುತ್ತಾರೆ, ಅದೂ ಅವರ ಮಾತು. ಎಂದೂ ಚರ್ಚಿನ ಹೊಸ್ತಿಲು ತುಳಿಯದ ನಮ್ಮ ಅಜ್ಜಿಯರ ಅಡಿಗೆಮನೆಯಲ್ಲೂ ಗೋವೆಯ ದಾರಿ ಬಂದು ಮುಟ್ಟಿತ್ತು. ಹೊರಗಿನಿಂದ ಬಂದದ್ದು ಯಾವುದು, ಒಳಗಿನದು ಯಾವುದು ಎಂದು ಗೆರೆ ಎಳೆಯುವುದು ಸುಲಭವಲ್ಲ.

ಬಂದವರೂ ನೆಲದ ಭಾಷೆಗೆ ಬಾಗಬೇಕಾಯಿತು. ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯಲ್ಲಿ ಬುಷ್ಟನ್ ಎಂಬ ಒಂದು ಹಳ್ಳಿ. ಆ ಹಳ್ಳಿಯಲ್ಲಿ ಹುಟ್ಟಿದ ಥಾಮಸ್ ಸ್ಟೀಫನ್ಸ್ ಎಂಬಾತ ಯೇಸುಸಭೆ ಸೇರಿ 1579ರಲ್ಲಿ ಗೋವೆಗೆ ಬಂದ. ನಲವತ್ತು ವರ್ಷ ಅಲ್ಲಿಯ ಹಳ್ಳಿಗಳಲ್ಲೇ ಇದ್ದು ಅಲ್ಲಿಯೇ ಮಡಿದ. ಅವನು ಜನರಿಗೆ ಧರ್ಮ ಹೇಳಿದ್ದು ಇಂಗ್ಲಿಷಿನಲ್ಲಲ್ಲ, ಪೋರ್ಚುಗೀಸಿನಲ್ಲೂ ಅಲ್ಲ. ಮರಾಠಿಯ ಓವಿ ಛಂದಸ್ಸಿನಲ್ಲಿ ಕ್ರಿಸ್ತಪುರಾಣ ರಚಿಸಿ 1616ರಲ್ಲಿ ಅಚ್ಚು ಹಾಕಿಸಿದ. ಕೊಂಕಣಿಗೆ ವ್ಯಾಕರಣವನ್ನೂ ಬರೆದ. ಕನ್ನಡಕ್ಕೆ ಇಂಥ ಸೇವೆ ಮಾಡಿದವರಲ್ಲಿ ಮೊದಲಿಗರು ಇಟಲಿಯ ಲಿಯೊನಾರ್ಡೊ ಚಿನ್ನಾಮಿ. ಅವರು 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ನು ಸ್ಥಾಪಿಸಿ, ಕನ್ನಡ ಕಲಿತು, ವ್ಯಾಕರಣ, ಶಬ್ದಕೋಶಗಳನ್ನು ಸಿದ್ಧಪಡಿಸಿದರು. ಆ ಸೀಮೆಯ ಕನ್ನಡ ಕ್ರೈಸ್ತರ ಹೆಸರುಗಳನ್ನು ಕೇಳಿದರೆ ಇದರ ಫಲ ಗೊತ್ತಾಗುತ್ತದೆ. ಝೇವಿಯರ್ ಅಲ್ಲಿ ಚೌರಪ್ಪನಾದ, ಇಗ್ನೇಷಿಯಸ್ ಇನ್ನಾಸಪ್ಪನಾದ, ಪೀಟರ್ ರಾಯಪ್ಪನಾದ, ಪಾಲ್ ಚಿನ್ನಪ್ಪನಾದ. ಹೆಸರು ಊರಿನದಾದ ಮೇಲೆ ದೇವರು ಊರಿನವನಾಗಲು ತಡವಾಗುವುದಿಲ್ಲ.

ಬಿಜಾಪುರದ ಸೀಮೆಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಗೋವೆಯ ದಿವಾರ್ ದ್ವೀಪದ ಬ್ರಾಹ್ಮಣ ಮನೆತನದಿಂದ ಬಂದ ಮತೆವುಸ್ ದ ಕಾಸ್ತ್ರೊ ಎಂಬ ಕ್ರೈಸ್ತ ಯುವಕನಿಗೆ ಗೋವೆಯ ಪೋರ್ಚುಗೀಸರು ಗುರುದೀಕ್ಷೆ ಕೊಡಲು ಒಪ್ಪಲಿಲ್ಲ. ಆತ ನೆಲದ ಹಾದಿ ಹಿಡಿದು ರೋಮಿಗೆ ಹೋದ. ಅಲ್ಲಿ ಓದಿ ಗುರುವಾದ. 1637ರಲ್ಲಿ ಪೋಪರು ಆತನನ್ನೇ ಬಿಷಪ್ಪನನ್ನಾಗಿ ಮಾಡಿ ಆದಿಲ್ ಷಾಹಿ ರಾಜ್ಯದ ಧರ್ಮಾಡಳಿತವನ್ನು ವಹಿಸಿದರು. ಎಡೆದೊರೆ ನಾಡು ಆಗ ಆ ರಾಜ್ಯದ ಭಾಗ. ಪೋರ್ಚುಗೀಸರ ನೆಲದಲ್ಲಿ ದೊರೆಯದ ಮನ್ನಣೆ ಒಬ್ಬ ದೇಶೀಯ ಗುರುವಿಗೆ ಬಿಜಾಪುರದ ಸುಲ್ತಾನನ ನೆಲದಲ್ಲಿ ದೊರೆಯಿತು. ಗಡಿಯ ಆಚೆ ದೊರೆಯದ ನ್ಯಾಯ ಕೆಲವು ಸಲ ಈಚೆ ದೊರೆಯುವುದುಂಟು.

ಮುಂದಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. 1724ರಲ್ಲಿ ಹೈದರಾಬಾದಿನ ನಿಜಾಮರ ಆಳ್ವಿಕೆ ಮೊದಲಾಯಿತು. 1853ರಲ್ಲಿ ಸೈನ್ಯದ ಸಾಲಕ್ಕಾಗಿ ನಿಜಾಮರು ಬೇರಾರ್‌ನೊಡನೆ ರಾಯಚೂರು ದೋಆಬನ್ನೂ ಇಂಗ್ಲಿಷರ ವಶಕ್ಕೆ ಕೊಡಬೇಕಾಯಿತು. 1860ರಲ್ಲಿ ದೋಆಬು ನಿಜಾಮರಿಗೆ ಮರಳಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರಲ್ಲಿ ಮುದಗಲ್ಲು ಮೈಸೂರು ರಾಜ್ಯದ ಊರಾಯಿತು. 1973ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕವಾಯಿತು. ಹೊಳೆಯ ಈಚೆ ನಾವು ಆಂಧ್ರ ಪ್ರದೇಶದವರಾದೆವು; 2014ರ ಜೂನ್ 2ರಂದು ತೆಲಂಗಾಣದವರಾದೆವು; 2019ರಲ್ಲಿ ನಾರಾಯಣಪೇಟೆಯೇ ಒಂದು ಜಿಲ್ಲೆಯಾಯಿತು. ಇಷ್ಟು ಬಾವುಟಗಳು ಏರಿ ಇಳಿದವು. ಮುದಗಲ್ಲಿನ ಕ್ರೈಸ್ತರು ಅಲ್ಲೇ ಇದ್ದಾರೆ. ಇಂದು ಅವರ ಚರ್ಚು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದೆ.

ಅರಸರು ಅಳಿಸಲಿಲ್ಲ ಎಂದರೆ ಸಾಲದು. ನೆರೆಹೊರೆಯವರು ಇಟ್ಟುಕೊಂಡದ್ದರಿಂದ ಉಳಿಯಿತು ಎಂದೂ ಹೇಳಬೇಕು. ಮುದಗಲ್ಲಿನ ಮೊಹರಮ್ಮಿಗೆ ಸುತ್ತಲ ಜಿಲ್ಲೆಗಳಿಂದ, ನಮ್ಮ ಕಡೆಯಿಂದಲೂ, ಜನ ಹೋಗುತ್ತಾರೆ. ಹರಕೆ ಹೊತ್ತವರಲ್ಲಿ ಹಿಂದೂಗಳೇ ಬಹಳ. ಹಸೇನ್ ಹುಸೇನರ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ನಮ್ಮ ಊರುಗಳಲ್ಲಿ ಪೀರಲ ಹಬ್ಬ ಎಂದು, ಅಲಾಯಿ ಎಂದು ಕರೆಯುವುದು ಇದನ್ನೇ. ಒಂದು ಧರ್ಮದ ಶೋಕವನ್ನು ಇನ್ನೊಂದು ಧರ್ಮದವರು ತಮ್ಮ ಮಾತಿನಲ್ಲಿ ಹಾಡುವ ಊರಿನಲ್ಲಿ ಮೂರನೆಯ ಧರ್ಮದ ಗಂಟೆಯ ಸದ್ದು ಯಾರಿಗೂ ಕಿವಿಗಡಚಿಕ್ಕಾಗಲಿಲ್ಲ. ಕೋಟೆಯ ಐವತ್ತು ಗಜದ ಕಂದಕ ಊರನ್ನು ಕಾಯಲಾರದೆ ಹೋಯಿತು. ಕೋಟೆ ಹತ್ತಾರು ಸಲ ಸೋತಿತು. ಕಂದಕವಿಲ್ಲದ ಚರ್ಚು ಸೋಲಲಿಲ್ಲ.

ಕೇಳುಗರೆ, ಕೊನೆಗೆ ನಮ್ಮ ಊರಿನ ಮಾತಿಗೆ ಬರೋಣ. ಇಂಗ್ಲೆಂಡಿನಲ್ಲಿ 1538ರಲ್ಲಿ ಸರಕಾರ ಒಂದು ಆಜ್ಞೆ ಹೊರಡಿಸಿತು. ಪ್ರತಿ ಹಳ್ಳಿಯ ಚರ್ಚಿನಲ್ಲಿ ಒಂದು ಪುಸ್ತಕವಿಟ್ಟು, ಊರಿನ ದೀಕ್ಷಾಸ್ನಾನ, ಮದುವೆ, ಮಣ್ಣು ಇವನ್ನು ಬರೆದಿಡಬೇಕು ಎಂದು. ಕ್ಯಾಥೊಲಿಕ್ ಸಭೆಯೂ 1563ರಲ್ಲಿ ಇಂಥ ಪುಸ್ತಕಗಳನ್ನು ಕಡ್ಡಾಯ ಮಾಡಿತು. ಅದರಿಂದ ಅಲ್ಲಿಯ ಐವತ್ತು ಮನೆಯ ಹಳ್ಳಿಗೂ ನಾನೂರು ವರ್ಷದ ಚರಿತ್ರೆ ಉಂಟು. ಇಂಥ ಕೂಲಿಯವನ ಮಗಳು ಇಂಥ ವರ್ಷ ಹುಟ್ಟಿದಳು ಎಂದು ಕೂಡ ಗೊತ್ತಾಗುತ್ತದೆ. ನಮ್ಮಲ್ಲಿ ಅರಸರ ಹೆಸರು ಕಲ್ಲಿನ ಮೇಲೆ ಉಳಿಯಿತು, ಆಳುಗಳ ಹೆಸರು ಅಜ್ಜಿಯ ನಾಲಿಗೆಯ ಮೇಲೆ ಉಳಿಯಿತು. ಅಜ್ಜಿ ಹೋದ ದಿನ ಅದೂ ಹೋಯಿತು.

ಹಾಗೆಂದು ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಮುದಗಲ್ಲಿನ ಸೀಮೆಯಲ್ಲೇ ಇರುವ ಮಸ್ಕಿಯಲ್ಲಿ 1915ರಲ್ಲಿ ಒಬ್ಬ ಗಣಿ ಇಂಜಿನಿಯರ್ ಬಂಡೆಯ ಮೇಲಿನ ಬರಹ ಕಂಡ. ಓದಿದಾಗ ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಷ್ಟು ಕಾಲ ಬರಿಯ ದೇವಾನಾಂಪ್ರಿಯ ಎಂದಷ್ಟೇ ಗೊತ್ತಿದ್ದ ಚಕ್ರವರ್ತಿ ಯಾರೆಂಬುದು ಒಂದು ಹಳ್ಳಿಯ ಬಂಡೆಯಿಂದ ಖಚಿತವಾಯಿತು. ಆ ಬಂಡೆಯ ಪಕ್ಕದಲ್ಲಿ ದನ ಮೇಯಿಸಿದವರು ಎಷ್ಟು ತಲೆಮಾರಿನವರೋ! ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಷಹಜಹಾನ, ಔರಂಗಜೇಬರ ಕಾಲದ ಪಾರಸಿ ಕಾಗದಗಳು ಲಕ್ಷಕ್ಕೂ ಮಿಕ್ಕಿ ಇವೆ. ದಖನ್ನಿನ ಆಡಳಿತದ ಕಾಗದಗಳು ಅವು.

ಉಟ್ಕೂರಿನ, ಮಕ್ತಲಿನ, ಗದ್ವಾಲದ ನಮ್ಮ ಹಳ್ಳಿಗಳಲ್ಲಿ ಗುಡಿ ಇದೆ, ದರ್ಗಾ ಇದೆ, ಚರ್ಚು ಇದೆ. ಗುಡಿಯ ಮುಂದೆ ವೀರಗಲ್ಲು ಇರಬಹುದು, ಯಾರೋ ಅದಕ್ಕೆ ಸುಣ್ಣ ಬಳಿದಿರಬಹುದು. ಹಿರಿಯರ ಪೆಟ್ಟಿಗೆಯಲ್ಲಿ ಉರ್ದುವಿನ ಇನಾಮು ಕಾಗದ ಇರಬಹುದು, ಗೆದ್ದಲು ಹಿಡಿಯುತ್ತಿರಬಹುದು. ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ತೆಲುಗು ಓದುತ್ತಾರೆ, ಮನೆಯಲ್ಲಿ ಕನ್ನಡ ಆಡುತ್ತಾರೆ. ಎರಡೂ ಬಲ್ಲ ಮಗುವಿಗೆ ಗಡಿಯ ಚರಿತ್ರೆ ಬರೆಯುವ ಯೋಗ್ಯತೆ ಎರಡರಷ್ಟಿದೆ. ಸುಣ್ಣ ತೊಳೆದು ಕಲ್ಲನ್ನು ನೋಡಿ. ಕಾಗದವನ್ನು ಓದಬಲ್ಲವರಿಂದ ಓದಿಸಿ. ಊರಿನ ಹಿರಿಯರು ಹೇಳಿದ್ದನ್ನು ಹೇಳಿದವರ ಹೆಸರು, ಹೇಳಿದ ದಿನ ಸಹಿತ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಗುಡಿಯದು ಗುಡಿಯವರು, ದರ್ಗಾದ್ದು ದರ್ಗಾದವರು, ಚರ್ಚಿನದು ಚರ್ಚಿನವರು ಎಂದು ಬೇರೆ ಮಾಡಬೇಡಿ. ಊರು ಒಂದೇ, ಪುಸ್ತಕವೂ ಒಂದೇ ಇರಲಿ.

ಗಡಿಯ ಗೆರೆಯನ್ನು ಎಳೆಯುವವರು ದೂರದಲ್ಲಿ ಕುಳಿತಿರುತ್ತಾರೆ. ಗೆರೆಯ ಮೇಲೆ ಬಾಳುವವರು ಇಲ್ಲಿರುತ್ತಾರೆ. ಆಳಿದವರು ಬದಲಾದರೂ ಬಾಳಿದವರು ಉಳಿದರು ಎಂಬುದಕ್ಕೆ ಮುದಗಲ್ಲಿನ ಸಣ್ಣ ಚರ್ಚು ನಾಲ್ಕೂವರೆ ಶತಮಾನದ ಸಾಕ್ಷಿ. ಲಿಂಗಸುಗೂರಿನ ಕಡೆ ಬೀಗರ ಮನೆಗೆ ಹೋದಾಗ ಕೋಟೆಯನ್ನು ನೋಡಿ ಬನ್ನಿ. ಹಾಗೆಯೇ ನಾಲ್ಕು ಹೆಜ್ಜೆ ನಡೆದು ಚರ್ಚನ್ನೂ ನೋಡಿ ಬನ್ನಿ.